ಇಳಿವಯಸ್ಸಿಗೊಂದು ಮಿತಿಯ ಮನೆ

ಗೃಹಸ್ಥನಾದವನಿಗೆ ಮನೆ ಬೇಕು. ಪ್ರಾಯದಲ್ಲಿ ಕಟ್ಟುವ ಮನೆ ಮಕ್ಕಳ ಸಂಖ್ಯೆಯನ್ನೂ ವ್ಯಾಪಾರದ ಅನುಕೂಲವನ್ನೂ ನೋಡಿ ಕಟ್ಟುವಂಥದು. ಇಳಿವಯಸ್ಸಿನಲ್ಲಿ ಹುಡುಕುವ ಮನೆಯ ಲೆಕ್ಕವೇ ಬೇರೆ. ಅಲ್ಲಿ ಎಷ್ಟು ಕೋಣೆ ಎಂಬುದಕ್ಕಿಂತ ಎಷ್ಟು ಮೆಟ್ಟಿಲು ಎಂಬ ಪ್ರಶ್ನೆ ದೊಡ್ಡದು; ಎಷ್ಟು ಬೆಲೆ ಎಂಬುದಕ್ಕಿಂತ ಆ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬ ಪ್ರಶ್ನೆ ದೊಡ್ಡದು. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಎತ್ತಿಕೊಳ್ಳುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಅಂದರೆ ಹೊಲವನ್ನು ಮತ್ತು ಮನೆಯನ್ನು. ಬೆಳ್ಳಿ ಬಂಗಾರಗಳ ಸರದಿ ಆ ಮೇಲಿನದು. ಈ ಕ್ರಮದ ಅರ್ಥ ಹುಬ್ಬಳ್ಳಿಯ ಒಬ್ಬ ಹಿರಿಯ ಕಾಳುಕಡಿ ವರ್ತಕರಿಗೆ ಅನುಭವಕ್ಕೆ ಬಂದದ್ದು ಮಲೆನಾಡಿನಲ್ಲಿ ಮನೆ ಹುಡುಕಲು ಹೊರಟಾಗ.

ಅವರು ಅಂಗಡಿಯನ್ನು ಮಗನಿಗೆ ಒಪ್ಪಿಸಿದ್ದರು. ವಾಸ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಅವರ ಪತ್ನಿಗೆ ಮೊಣಕಾಲು ನೋವು. ಮೆಟ್ಟಿಲಿಳಿದು ಬಸದಿಗೆ ಹೋಗುವುದು ವಾರಕ್ಕೊಮ್ಮೆಯ ಮಾತಾಗಿತ್ತು. ವರ್ತಕರಿಗಾದರೋ ಪೇಟೆಯ ಧೂಳು, ಗದ್ದಲ, ಬೇಸಗೆಯ ಬಿಸಿಲು ಸಾಕಾಗಿದ್ದವು. ಹೊಂಬುಜದ ಯಾತ್ರೆಗೂ ಕುಂದಾದ್ರಿಯ ಯಾತ್ರೆಗೂ ಹೋಗಿ ಬಂದ ಪ್ರತಿ ಸಲವೂ ಆ ಹಸಿರು, ಆ ಮೌನ ಮನಸ್ಸಿನಲ್ಲಿ ಉಳಿಯುತ್ತಿದ್ದವು. ಕ್ಷೇತ್ರದ ಸಮೀಪ ಒಂದು ಸಣ್ಣ ಮನೆ, ಬೆಳಗಿನ ದರ್ಶನ, ಮಧ್ಯಾಹ್ನದ ಸ್ವಾಧ್ಯಾಯ: ಇದು ಅವರ ಆಸೆ. ಕೈಯಲ್ಲಿದ್ದುದು ೩೦ ಲಕ್ಷ ರೂಪಾಯಿ. ಅದನ್ನು ಅವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತೊಡಗಿಸಿದ್ದರು. ೨೦೨೩ರ ಏಪ್ರಿಲ್‌ನಿಂದ ಆ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತವೂ ಅಷ್ಟೇ. ಅವರು ಇಟ್ಟಾಗ ಬಡ್ಡಿ ಶೇ. ೮.೨, ಮೂರು ತಿಂಗಳಿಗೊಮ್ಮೆ ೬೧,೫೦೦ ರೂಪಾಯಿ, ಅಂದರೆ ತಿಂಗಳಿಗೆ ೨೦,೫೦೦. ಈ ಬಡ್ಡಿಯಲ್ಲಿ ಬದುಕಬೇಕು, ಅಸಲನ್ನು ಮುಟ್ಟಬಾರದು ಎಂಬುದು ವರ್ತಕರ ಲೆಕ್ಕ.

ಮೊದಲು ಅವರು ನೋಡಿದ್ದು ಚಿಕ್ಕಮಗಳೂರಿನ ಹೊರವಲಯದಲ್ಲಿ ನಿವೃತ್ತರಿಗಾಗಿ ಕಟ್ಟಿದ ಒಂದು ವಸತಿ ಸಮುಚ್ಚಯವನ್ನು. ಒಳ್ಳೆಯ ಕಟ್ಟಡ, ಕರೆದರೆ ಬರುವ ದಾದಿ, ಹಿಡಿದು ನಡೆಯಲು ಗೋಡೆಗೆ ಕಂಬಿ. ಒಮ್ಮೆ ಕೊಡಬೇಕಾದ ಠೇವಣಿಯಲ್ಲದೆ ಇಬ್ಬರಿಗೆ ತಿಂಗಳಿಗೆ ೨೫,೦೦೦ ರೂಪಾಯಿ ನಿರ್ವಹಣಾ ವೆಚ್ಚ; ಪ್ರತಿವರ್ಷ ಶೇ. ೮ರಷ್ಟು ಏರಿಕೆ ಎಂದು ಕರಾರಿನ ಕೊನೆಯ ಪುಟದಲ್ಲಿ ಅಚ್ಚಾಗಿತ್ತು. ವರ್ತಕರು ಅಲ್ಲಿಯೇ ಕಾಗದದ ಮೇಲೆ ಗುಣಿಸಿ ನೋಡಿದರು. ಹತ್ತು ವರ್ಷ ತುಂಬುವಾಗ ಅದು ತಿಂಗಳಿಗೆ ೫೩ ಸಾವಿರವನ್ನು ದಾಟುತ್ತಿತ್ತು. ಬಡ್ಡಿಯ ದರ ಐದು ವರ್ಷಕ್ಕೆ ಮಾತ್ರ ಖಚಿತ. ಖರ್ಚಿನ ಏರಿಕೆ ಆಯುಷ್ಯ ಇರುವವರೆಗೆ ಖಚಿತ. ಇಂಥ ಮನೆ ಕೊಳ್ಳುವವರು ಕಟ್ಟಡದ ಬೆಲೆಯನ್ನು ಚೌಕಾಶಿ ಮಾಡುತ್ತಾರೆ, ಏರಿಕೆಯ ಷರತ್ತನ್ನು ಓದುವುದೇ ಇಲ್ಲ. ಇಬ್ಬರಲ್ಲಿ ಒಬ್ಬರು ಕಾಲವಾದರೆ ವೆಚ್ಚ ಎಷ್ಟು ಇಳಿಯುತ್ತದೆ, ಬಿಟ್ಟುಹೋದರೆ ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಯೋಜನೆ ೨೦೧೬ರ ರೇರಾ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂಬುದನ್ನೂ ಕೇಳಬೇಕು.

ಆದರೆ ಅಲ್ಲಿ ಮಾತು ಮುರಿದದ್ದು ಹಣದ ವಿಷಯದಲ್ಲಲ್ಲ. ಸಾಮೂಹಿಕ ಭೋಜನಶಾಲೆಯಲ್ಲಿ ರಾತ್ರಿಯ ಊಟ ಎಂಟು ಗಂಟೆಗೆ. “ಊಟದಾಗ ಒಂದು ಪಲ್ಯ ಕಡಿಮಿ ಆದ್ರ ನಡೀತೈತಿ. ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದು ಈ ವಯಸ್ಸಿನಾಗ ಹೊಸದಾಗಿ ಕಲಿಯೂದು ಬ್ಯಾಡ್ರಿ” ಎಂದು ಅವರ ಪತ್ನಿ ಹೇಳಿದರು. ಜೀವಮಾನವೆಲ್ಲ ನಡೆಸಿಕೊಂಡು ಬಂದ ನಿಯಮವನ್ನು ನೆಮ್ಮದಿಯ ಹೆಸರಿನಲ್ಲಿ ಬಿಡುವುದಾದರೆ ಅದು ನೆಮ್ಮದಿ ಹೇಗಾದೀತು?

ಎರಡನೆಯದು ಅಗ್ಗದ ಮನೆ. ತೀರ್ಥಹಳ್ಳಿಯ ಕಡೆ ಕಾಡಂಚಿನಲ್ಲಿ ಅರ್ಧ ಎಕರೆ ಜಾಗ, ಹೆಂಚಿನ ಮನೆ, ಬಾವಿ. ಸುತ್ತಲಿನ ಬೆಲೆಯ ಮೂರನೆಯ ಒಂದು ಪಾಲಿಗೆ ಸಿಗುತ್ತದೆ ಎಂದು ದಲ್ಲಾಳಿ ತಿಳಿಸಿದ. ೨೦೨೦ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಆದುದರಿಂದ ಅಡ್ಡಿಯಿಲ್ಲ ಎಂಬುದು ಅವನ ವಾದ. ವರ್ತಕರು ಪಹಣಿಯನ್ನೂ ಮಂಜೂರಾತಿಯ ಹಳೆಯ ಕಾಗದವನ್ನೂ ತರಿಸಿ ನೋಡಿದರು. ಅದು ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ ಸರಕಾರ ಮಂಜೂರು ಮಾಡಿದ್ದ ಭೂಮಿ. ೧೯೭೮ರ ಕಾಯಿದೆಯಂತೆ ಅಂಥ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಅದು ಅಸಿಂಧು. ದಲ್ಲಾಳಿಯ ಬಳಿ ಅದಕ್ಕೂ ಉಪಾಯವಿತ್ತು: ಕ್ರಯಪತ್ರ ಬೇಡ, ಛಾಪಾ ಕಾಗದದ ಮೇಲೆ ಕರಾರು ಮತ್ತು ಮುಖತ್ಯಾರು ಪತ್ರ ಸಾಕು, ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು.

ವರ್ತಕರು ಮಾರುವವನನ್ನೇ ಕಂಡು ಮಾತನಾಡಿದರು. ಮಗಳ ಚಿಕಿತ್ಸೆಗಾಗಿ ಮಾಡಿದ ಸಾಲ ಅವನ ಮೇಲಿತ್ತು. ಮನೆ ಅಗ್ಗವಾಗಲು ಕಾರಣ ಅದು. ಅಚೌರ್ಯ ವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದು ಕಳವಿನ ಸೋದರನೆಂದು ಶಾಸ್ತ್ರಕಾರರು ಬಗೆದರು. ಕಟ್ಟಳೆಯನ್ನು ಬದಿಗಿಟ್ಟು ನೋಡಿದರೂ, ಒಂದು ಕುಟುಂಬದ ಕೊನೆಯ ಸೂರು ಕೈತಪ್ಪಿ ಇನ್ನೊಂದು ಕುಟುಂಬದ ಎರಡನೆಯ ಸೂರಾಗುವುದಕ್ಕೆ ಅಗ್ಗ ಎನ್ನಬಹುದೇ? ಅವರು ಕೊಳ್ಳಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ಸಿಗುತ್ತದೆಂದು ಆ ಮನುಷ್ಯನಿಗೆ ತಿಳಿಸಿ, ಅವನನ್ನು ಅಲ್ಲಿಗೆ ಕರೆದೊಯ್ದು, ಹಿಂತಿರುಗಿದರು.

ಮೂರನೆಯ ದಾರಿ ತಾನಾಗಿಯೇ ತೆರೆಯಿತು. ಅವರು ಹಿಂದೆ ಯಥಾಶಕ್ತಿ ದಾನ ಕೊಟ್ಟಿದ್ದ ಒಂದು ಕ್ಷೇತ್ರದ ವಿಶ್ವಸ್ತರೊಬ್ಬರು, “ಯಾತ್ರಿನಿವಾಸದಲ್ಲಿ ಒಂದು ಕೋಣೆ ಖಾಯಂ ಇಟ್ಟುಕೊಳ್ಳಿ ಸಾಹುಕಾರರೇ, ನಿಮ್ಮಂಥವರು ಇದ್ದರೆ ಕ್ಷೇತ್ರಕ್ಕೇ ಶೋಭೆ” ಎಂದರು. ಬಾಡಿಗೆ ಹೆಸರಿಗೆ ಮಾತ್ರ. ಕೇಳಿದವರೆಲ್ಲ ಇದಕ್ಕಿಂತ ಪುಣ್ಯವೇನಿದೆ ಎಂದರು. ವರ್ತಕರು ಒಂದು ರಾತ್ರಿ ಆಲೋಚಿಸಿ ಬೇಡವೆಂದರು. ಯಾತ್ರಿಕನಿಗೆಂದು ದಾನಿಗಳು ಕಟ್ಟಿಸಿದ ಕೋಣೆ ಅದು. ವಾರ್ಷಿಕ ರಥೋತ್ಸವದ ದಿನ ದೂರದಿಂದ ಬಂದ ಬಡ ಸಂಸಾರವೊಂದು ಜಗಲಿಯಲ್ಲಿ ಮಲಗಿದರೆ ಆ ಖಾಯಂ ಕೋಣೆಯ ಬಾಗಿಲು ಯಾವ ಮುಖದಿಂದ ಮುಚ್ಚಿರಬೇಕು? ಕೊಟ್ಟ ದಾನ ಹಕ್ಕಾಗಿ ಹಿಂತಿರುಗುವುದಾದರೆ ಅದು ದಾನವಲ್ಲ, ಮುಂಗಡ.

ಇಷ್ಟರಲ್ಲಿ ಮಗನೊಂದು ಸಲಹೆ ಕೊಟ್ಟಿದ್ದ. ತಂದೆ ನಲವತ್ತನೆಯ ವಯಸ್ಸಿನಲ್ಲಿ ಒಂದು ಮನೆ, ಒಂದು ಅಂಗಡಿ ಎಂದು ಪರಿಮಾಣ ಮಾಡಿಕೊಂಡಿದ್ದರು. ಹುಬ್ಬಳ್ಳಿಯ ಮನೆಯನ್ನು ತನ್ನ ಹೆಸರಿಗೆ ಬರೆದರೆ ಮಲೆನಾಡಿನಲ್ಲಿ ಇನ್ನೊಂದನ್ನು ಕೊಳ್ಳಲು ವ್ರತ ಅಡ್ಡಿಯಾಗದು ಎಂದು ಅವನ ಲೆಕ್ಕ. ಅದರಲ್ಲಿ ಕಪಟವಿರಲಿಲ್ಲ. ಆದರೂ ಮನೆ ಮಗನ ಹೆಸರಿನಲ್ಲಿದ್ದು ಬೀಗದ ಕೈ ತಂದೆಯ ಸೊಂಟದಲ್ಲಿದ್ದರೆ ಎಣಿಕೆ ಕಾಗದದಲ್ಲಿ ಇಳಿಯಿತು, ಮನಸ್ಸಿನಲ್ಲಿ ಇಳಿಯಲಿಲ್ಲ. ಕೊಡುವುದಾದರೆ ಪೂರ್ತಿ ಕೊಡಬೇಕು. ಹಾಗೆ ಕೊಡುವ ಹಿರಿಯರು ಸಹ ಒಂದನ್ನು ತಿಳಿದಿರಬೇಕು: ಹಿರಿಯ ನಾಗರಿಕರ ೨೦೦೭ರ ಕಾಯಿದೆಯ ೨೩ನೆಯ ಕಲಮು, ಪೋಷಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪೋಷಣೆ ತಪ್ಪಿದಾಗ ಹಿಂಪಡೆಯಲು ಅವಕಾಶ ಕೊಡುತ್ತದೆ. ಷರತ್ತನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸುವುದು ಅವಿಶ್ವಾಸವಲ್ಲ; ಮುಂದಿನ ಕಲಹಕ್ಕೆ ಎಡೆಗೊಡದ ಎಚ್ಚರ.

ಕೊನೆಗೆ ಮನೆ ಸಿಕ್ಕಿದ್ದು ರಿಪ್ಪನ್‌ಪೇಟೆಯ ಆಸುಪಾಸಿನ ಒಂದು ಹಳ್ಳಿಯಲ್ಲಿ, ಕೊಳ್ಳುವ ಮಾತೇ ಇಲ್ಲದೆ. ಮಲೆನಾಡಿನ ಎಷ್ಟೋ ದೊಡ್ಡ ಮನೆಗಳಲ್ಲಿ ಇಂದು ಒಬ್ಬಿಬ್ಬರು ವೃದ್ಧರು ಮಾತ್ರ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ ಅಥವಾ ಹೊರದೇಶದಲ್ಲಿ. ಅಂಥದೊಂದು ತೊಟ್ಟಿಮನೆಯ ಒಡತಿ, ಎಪ್ಪತ್ತು ದಾಟಿದ ವಿಧವೆ, ಮನೆಯ ಒಂದು ಪಾರ್ಶ್ವವನ್ನು ಬಾಡಿಗೆಗೆ ಕೊಡಲು ಒಪ್ಪಿದರು. ಮೆಟ್ಟಿಲಿಲ್ಲ, ಬೇರೆ ಅಡುಗೆಮನೆ ಇದೆ. “ಬಾಡಿಗೆ ಎಷ್ಟಾದರೂ ಕೊಡಿ. ರಾತ್ರಿ ಆ ಬದಿಯಲ್ಲಿ ಒಂದು ದೀಪ ಕಾಣ್ತದಲ್ಲ, ಅದೇ ಸಾಕು” ಎಂದರು ಆಕೆ. ವರ್ತಕರು ಅಷ್ಟಕ್ಕೆ ಬಿಡಲಿಲ್ಲ. ಊರಿನ ದರವನ್ನು ವಿಚಾರಿಸಿ ಅದರಂತೆ ಬಾಡಿಗೆ ಗೊತ್ತುಮಾಡಿ, ಕರಾರು ಬರೆಯಿಸಿದರು. ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವ ಪದ್ಧತಿಯೂ ಇದೆ; ಆದರೆ ಹಣ ಹಿಂತಿರುಗಿಸುವ ಹೊರೆಯನ್ನು ಒಬ್ಬ ವೃದ್ಧೆಯ ತಲೆಗೆ ಕಟ್ಟಲು ಅವರಿಗೆ ಮನಸ್ಸಾಗಲಿಲ್ಲ.

ಪತ್ನಿ ಒಂದು ಷರತ್ತು ಹಾಕಿದ್ದರು: ಒಂದು ಮಳೆಗಾಲ ಕಳೆಯದೆ ಹುಬ್ಬಳ್ಳಿಯ ಕೋಣೆಯನ್ನು ಖಾಲಿ ಮಾಡಬಾರದು. ಇದು ಇಡೀ ಹುಡುಕಾಟದಲ್ಲಿ ಆಡಿದ ಅತ್ಯಂತ ವಿವೇಕದ ಮಾತು. ಗುಡ್ಡದ ಊರನ್ನು ಯಾತ್ರಿಕರು ನೋಡುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಅದರ ನಿಜರೂಪ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬಟ್ಟೆ ಒಣಗುವುದಿಲ್ಲ, ಗ್ರಂಥಗಳಿಗೆ ಬೂಷ್ಟು ಹಿಡಿಯುತ್ತದೆ, ಮರ ಬಿದ್ದರೆ ವಿದ್ಯುತ್ತೂ ದೂರವಾಣಿಯೂ ದಿನಗಟ್ಟಲೆ ಇಲ್ಲ. ಕಟ್ಟಿಗೆಯಲ್ಲಿ ಹುಳು, ಅಂಗಳದಲ್ಲಿ ಕಪ್ಪೆಮರಿ, ಹುಲ್ಲಿನಲ್ಲಿ ಇಂಬಳ. ಮುನಿಗಳಿಗೆ ಚಾತುರ್ಮಾಸವನ್ನು ಏಕೆ ವಿಧಿಸಿದರೆಂಬುದು ಮಲೆನಾಡಿನ ಅಂಗಳದಲ್ಲಿ ಹತ್ತು ಹೆಜ್ಜೆ ಇಟ್ಟರೆ ತಿಳಿಯುತ್ತದೆ. ಇಂಬಳಕ್ಕೆ ಉಪ್ಪು ಸುರಿಯುವುದು ಊರ ರೂಢಿ. ಈ ದಂಪತಿಗಳು ಅದನ್ನು ಉಗುರಿನಿಂದ ಮೆಲ್ಲನೆ ಸರಿಸಿ ಹುಲ್ಲಿಗೆ ಬಿಡುವುದನ್ನು ಕಲಿತರು.

ಜೀವಭಯದ ಸಂಗತಿಗಳೂ ಉಂಟು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಸೀಮೆಯಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಉಣ್ಣೆಗಳ ಮೂಲಕ ಹರಡುತ್ತದೆ. ಹಳೆಯ ಲಸಿಕೆಯನ್ನು ೨೦೨೨ರಲ್ಲಿ ನಿಲ್ಲಿಸಲಾಯಿತು. ಆ ತಿಂಗಳುಗಳಲ್ಲಿ ತರಗೆಲೆಯ ಕಾಡಿಗೆ ಹೋಗದಿರುವುದು, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳುವುದು ಅಗತ್ಯ. ೨೦೧೮ರಲ್ಲಿ ಕೊಡಗಿನಲ್ಲಿಯೂ ೨೦೨೪ರ ಜುಲೈಯಲ್ಲಿ ಶಿರೂರಿನಲ್ಲಿಯೂ ವಯನಾಡಿನಲ್ಲಿಯೂ ಗುಡ್ಡಗಳು ಕುಸಿದು ಜನ ಮಡಿದುದನ್ನು ನೆನೆದರೆ, ಇಳಿಜಾರನ್ನು ಕಡಿದು ಮಾಡಿದ ಹೊಸ ನಿವೇಶನಕ್ಕಿಂತ ಎರಡು ತಲೆಮಾರು ಮಳೆ ಕಂಡ ಹಳೆಯ ಮನೆಯೇ ಲೇಸು ಎಂಬುದು ಸ್ಪಷ್ಟ. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗಲು ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಬೇಕು. ಆದುದರಿಂದ ರಾತ್ರಿ ಕರೆದರೆ ಬರುವ ಇಬ್ಬರು ಕಾರು ಚಾಲಕರ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೂವರಿಗೂ ಕಾಣುವಂತೆ ತೊಟ್ಟಿಯ ಕಂಬಕ್ಕೆ ಅಂಟಿಸಲಾಯಿತು.

ಆ ಮಳೆಗಾಲದಲ್ಲಿ ಒಡತಿಗೆ ಹದಿನೈದು ದಿನ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ವರ್ತಕರ ಪತ್ನಿ. ವರ್ತಕರಿಗೆ ಆ ಹದಿನೈದು ದಿನ ಸ್ವಾಧ್ಯಾಯವಾಗಲಿಲ್ಲ. ಔಷಧ ತರುವುದು, ನೀರು ಕಾಯಿಸುವುದು, ಬೆಂಗಳೂರಿನ ಮಗನಿಗೆ ಸುದ್ದಿ ಮುಟ್ಟಿಸುವುದು ಇವೇ ಆದವು. ಆದರೆ ವೈಯಾವೃತ್ತ್ಯವನ್ನು ಅಂತರಂಗದ ಆರು ತಪಸ್ಸುಗಳಲ್ಲಿ ಸ್ವಾಧ್ಯಾಯದ ಜೊತೆಗೇ ಎಣಿಸಿದ್ದಾರೆ, ಅದೂ ಸ್ವಾಧ್ಯಾಯಕ್ಕಿಂತ ಮೊದಲು. ಪತ್ನಿಯ ಮೊಣಕಾಲು ನೋವು ಥಂಡಿಗೆ ಹೆಚ್ಚಿತೆಂಬುದೂ ನಿಜ. ಮರುವರ್ಷದಿಂದ ಜುಲೈ, ಆಗಸ್ಟ್ ತಿಂಗಳುಗಳನ್ನು ಹುಬ್ಬಳ್ಳಿಯಲ್ಲಿ ಕಳೆಯುವುದೆಂದು ಇಬ್ಬರೂ ನಿಶ್ಚಯಿಸಿದರು. ಆಗ ಒಡತಿಯನ್ನೂ ಕರೆದೊಯ್ಯುತ್ತಾರೆ. ಮನೆ ಕೊಂಡಿದ್ದರೆ ಹೀಗೆ ಬದಲಿಸಿಕೊಳ್ಳುವ ಸ್ವಾತಂತ್ರ್ಯ ಇರುತ್ತಿರಲಿಲ್ಲ. ಹಾಕಿದ ಹಣವೇ ಕಾಲಿಗೆ ಸರಪಳಿಯಾಗುತ್ತಿತ್ತು.

ಕ್ಷೇತ್ರಗಳ ವಿಶ್ವಸ್ತ ಮಂಡಳಿಗಳು ಇದರಲ್ಲಿ ವಿಚಾರಮಾಡಬೇಕಾದ ಅಂಶಗಳಿವೆ. ಹಿರಿಯ ಶ್ರಾವಕ ಶ್ರಾವಿಕೆಯರು ಕ್ಷೇತ್ರದ ಬಳಿ ನೆಲೆಸಬಯಸುವುದು ಇನ್ನೂ ಹೆಚ್ಚಲಿದೆ. ಅವರಿಗೆ ವಸತಿ ಕಲ್ಪಿಸುವುದಾದರೆ ಯಾತ್ರಿಕರ ಕೋಣೆಗಳಿಂದ ಅದು ಬೇರೆ ಇರಲಿ, ಲೆಕ್ಕವೂ ಬೇರೆ ಇರಲಿ. ಉಳ್ಳವರು ತಗಲುವ ವೆಚ್ಚವನ್ನು ಪೂರ್ತಿ ಕೊಡಲಿ. ಇಲ್ಲದವರಿಗೆಂದು ಕೆಲವು ಕೋಣೆಗಳನ್ನು ಕಾದಿಡಲಿ. ಯಾರಿಗೆ ಎಂಬುದು ದಾನಿಯ ಹೆಸರಿನಿಂದಲ್ಲ, ಬರೆದಿಟ್ಟ ನಿಯಮದಿಂದ ತೀರ್ಮಾನವಾಗಲಿ. ಸುತ್ತಲಿನ ಹಳ್ಳಿಗಳಲ್ಲಿ ಖಾಲಿ ಬಿದ್ದ ಗಟ್ಟಿಮುಟ್ಟಾದ ಮನೆಗಳ ಪಟ್ಟಿಯೊಂದನ್ನು ಕಚೇರಿಯಲ್ಲಿ ಇಟ್ಟರೆ, ಹೊಸ ಕಟ್ಟಡಕ್ಕೆ ಕಲ್ಲು ಒಡೆಯುವ, ಮರ ಕಡಿಯುವ ಹಿಂಸೆಯೂ ತಪ್ಪೀತು, ಒಂಟಿ ವೃದ್ಧರಿಗೆ ಆಸರೆಯೂ ದೊರೆತೀತು. ಮನೆ ಎಷ್ಟಿರಬೇಕೆಂದು ಪರಿಮಾಣ ಮಾಡಿಕೊಳ್ಳುವುದು ವ್ರತದ ಅರ್ಧ ಭಾಗ. ಆ ಪರಿಮಾಣದೊಳಗೆ ಇನ್ನೊಬ್ಬರಿಗೂ ಜಾಗವಿದೆಯೇ ಎಂದು ನೋಡುವುದು ಉಳಿದರ್ಧ.