ನೆಲಮನೆಗೆ ಟೈಲ್ಸು

ಕಲಬುರಗಿಯಲ್ಲಿ ಒಂದು ಮೇ ತಿಂಗಳನ್ನು ಪೂರ್ತಿ ಕಳೆದವರು ನೆಲದೊಳಗೊಂದು ಕೋಣೆ ಬೇಕು ಎಂದರೆ ಅದನ್ನು ಶೋಕಿ ಎನ್ನಬೇಡಿ. 43, 44 ಡಿಗ್ರಿ ಬಿಸಿಲು ಕುಡಿದ ಆರ್‌ಸಿಸಿ ಛತ್ತು ರಾತ್ರಿ ಹನ್ನೊಂದಾದರೂ ಝಳ ಬಿಡುವುದಿಲ್ಲ. ಫ್ಯಾನು ಹಾಕಿದರೆ ಆ ಝಳವನ್ನೇ ಹದವಾಗಿ ಕಲಸಿ ತಲೆಯ ಮೇಲೆ ಸುರಿಯುತ್ತದೆ. ಹತ್ತು ಹನ್ನೆರಡು ಅಡಿ ಕೆಳಗಿಳಿದರೆ ಲೆಕ್ಕವೇ ಬೇರೆ. ಅಷ್ಟು ಆಳದ ಮಣ್ಣಿಗೆ ಬೇಸಿಗೆ ಬಂತೋ ಚಳಿಗಾಲ ಬಂತೋ ತಡವಾಗಿ, ಅದೂ ಅರೆಬರೆ ಗೊತ್ತಾಗುತ್ತದೆ. ಅದು ವರ್ಷದ ಸರಾಸರಿಯ ಆಸುಪಾಸಿನಲ್ಲೇ, ನಮ್ಮ ಸೀಮೆಯಲ್ಲಾದರೆ 27, 28 ಡಿಗ್ರಿಯ ಸುತ್ತ, ಹಾಯಾಗಿ ಕುಳಿತಿರುತ್ತದೆ. ಮೇಲೆ ಊರು ಬೇಯುತ್ತಿರುವಾಗ ಕೆಳಗೆ ಪುಕ್ಕಟೆ ತಂಪು. ಇದನ್ನು ನಮ್ಮ ಹಿರಿಯರು ಥರ್ಮಾಮೀಟರು ಇಲ್ಲದೆಯೇ ಕಂಡುಕೊಂಡಿದ್ದರು.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕಮಲಾಪುರ. ಈಗದು ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಅದರ ಪರಿಚಯ ಕೆಂಪು ಬಾಳೆಯಿಂದ. ಭೌಗೋಳಿಕ ಗುರುತಿನ ಮುದ್ರೆ ಬಿದ್ದಿರುವ ಆ ಬಾಳೆ ಬೆಳೆಯುವ ಮಣ್ಣೂ ಕೆಂಪೇ. ಅಲ್ಲಿ ನನ್ನ ಸೋದರಮಾವನ ಹಳೆಯ ವಾಡೆಯಿದೆ. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಮೂಲೆಯಲ್ಲಿ ಒಂದು ಹಲಗೆ ಎತ್ತಿದರೆ ಕೆಳಗೆ ಮೆಟ್ಟಿಲು. ತಲೆ ಬಗ್ಗಿಸಿ, ಭುಜ ಓರೆ ಮಾಡಿ ಇಳಿಯಬೇಕು. ದಪ್ಪ ಹೊಟ್ಟೆಯವರು ಇಳಿಯದಿರಲಿ ಎಂದೇ ಕಟ್ಟಿದ ಹಾಗಿದೆ. ಕೆಳಗೆ ಬರಿಯ ಕಲ್ಲು, ಕಲ್ಲಿನ ಸಂದಿಯಲ್ಲಿ ಮಣ್ಣು, ನೆಲಕ್ಕೆ ಶಹಾಬಾದಿ ಪರಸಿ. ಬೀದಿಯ ಮಟ್ಟಕ್ಕೆ ಎರಡು ಕಡೆ ಬೆಳಕಿಂಡಿ: ಒಂದು ಗಾಳಿ ಬರಲಿಕ್ಕೆ, ಇನ್ನೊಂದು ಹೋಗಲಿಕ್ಕೆ. ನಮ್ಮ ಮುಸ್ಲಿಂ ನೆರೆಯವರು ಅದಕ್ಕೆ ತೈಖಾನಾ ಎನ್ನುತ್ತಿದ್ದರು, ಮಾವ ನೆಲಮನಿ ಎನ್ನುತ್ತಿದ್ದರು. ತೊಗರಿ ಚೀಲ, ಬೆಲ್ಲದ ಪೆಂಟೆ, ಹಣ್ಣಾಗಲು ಇಟ್ಟ ಬಾಳೆಗೊನೆ, ಮೇ ತಿಂಗಳಲ್ಲಿ ಊಟ ಮುಗಿಸಿದ ಗಂಡಸರು, ಎಲ್ಲವೂ ಅಲ್ಲಿ ಒಟ್ಟೊಟ್ಟಿಗೆ ಬಿದ್ದಿರುತ್ತಿದ್ದವು.

ಆ ಕೋಣೆಗೆ ಗಿಲಾವಿಲ್ಲ, ಬಣ್ಣವಿಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು, ಅಷ್ಟೇ ಅದರ ಅಲಂಕಾರ. ಮಳೆಗಾಲದಲ್ಲಿ ಗೋಡೆ ಸ್ವಲ್ಪ ಬೆವರುತ್ತಿತ್ತು, ದೀಪಾವಳಿಯ ಹೊತ್ತಿಗೆ ತಾನೇ ಒಣಗುತ್ತಿತ್ತು. ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ.

ನೆಲಮನಿಗಿಂತ ಹಳೆಯದು ಹಗೇವು. ಜ್ವಾಳದ ಸೀಮೆಯ ಜನ ಬ್ಯಾಂಕಿಗಿಂತ ಮೊದಲೇ ಕಂಡುಕೊಂಡಿದ್ದ ಲಾಕರು ಅದು. ಗಡುಸಾದ ನೆಲ ನೋಡಿ ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ತುಂಬಿಸುವುದರಿಂದ ಹುಳ ಬದುಕುವುದಿಲ್ಲ. ಬದುಕದಿರುವುದು ಹುಳ ಮಾತ್ರವಲ್ಲ. ಚಪ್ಪಡಿ ಸರಿಸಿದ ಕೂಡಲೇ ಒಳಗೆ ಧುಮುಕಿದ ಮನುಷ್ಯರೂ ಎಷ್ಟೋ ಊರುಗಳಲ್ಲಿ ಮೇಲೆ ಬಂದಿಲ್ಲ. ಅದಕ್ಕೇ ಬಾಯಿ ತೆರೆದು ತಾಸುಗಟ್ಟಲೆ ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಡುತ್ತಿದ್ದರು. ‘ಮೊದಲ ದೀಪ ಇಳೀತದಪಾ, ಆಮ್ಯಾಲ ಮನಷ್ಯಾ’ ಎಂದು ಮಾವ ಹೇಳುತ್ತಿದ್ದರು. ದೀಪ ಆರಿದರೆ ಆ ದಿನ ಜೋಳ ಬೇಡ.

ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ಈ ಹಗೇವು, ನೆಲಮನಿಗಳು ಕಾಳಿನ ಜೊತೆ ಭಯವನ್ನೂ ಬಚ್ಚಿಟ್ಟುಕೊಂಡವು. ಲೇವಿಗೆ ಕಾಳು ಕೇಳಲು ಬರುವವರು ಒಂದು ಕಡೆ, ರಜಾಕಾರರು ಇನ್ನೊಂದು ಕಡೆ. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಕಡೆಯ ಅನೇಕ ಮನೆಗಳ ಬಂಗಾರ, ಬೆಳ್ಳಿ, ಬೀಜದ ಜೋಳ ನೆಲದ ಕೆಳಗೇ ಇದ್ದವು ಎಂದು ಹಿರಿಯರು ಹೇಳುತ್ತಾರೆ. ಕೆಲವು ಅಲ್ಲೇ ಉಳಿದವು ಎಂದು ನಂಬಿ ಅಮಾವಾಸ್ಯೆಯ ರಾತ್ರಿ ಮಾಂತ್ರಿಕನನ್ನು ಕರೆಸಿ ಅಗೆಸುವ ಮೊಮ್ಮಕ್ಕಳೂ ಇದ್ದಾರೆ. ಆ ಮಾತು ಈಗ ಬೇಡ.

ಟೊರಾಂಟೊದಲ್ಲಿರುವ ನನ್ನ ಅಳಿಯನ ಮನೆಯ ನೆಲಮನೆಯನ್ನು ವಿಡಿಯೊದಲ್ಲಿ ನೋಡಿದ್ದೇನೆ. ಕಾರ್ಪೆಟ್ಟು, ಸೋಫಾ, ಗೋಡೆಯಗಲ ಟಿವಿ, ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ. ಅವರಿಗೆ ಆ ಕೋಣೆ ಹೆಚ್ಚುಕಡಿಮೆ ಕೊಸರು. ಚಳಿಗಾಲದಲ್ಲಿ ಅಲ್ಲಿ ನೆಲವೇ ಹೆಪ್ಪುಗಟ್ಟಿ ಮೇಲೇಳುತ್ತದೆ. ಹಾಗಾಗಿ ಪಾಯ ನಾಲ್ಕು ಅಡಿಗಿಂತ ಕೆಳಗೆ ಹೋಗಲೇಬೇಕು. ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದು ಒಂದು ಅಂತಸ್ತನ್ನೇ ಯಾಕೆ ಗಿಟ್ಟಿಸಬಾರದು ಎಂಬ ಲೆಕ್ಕ. ನಮ್ಮ ಊರಿನ ಕಾರಣ ತದ್ವಿರುದ್ಧ. ನಮಗೆ ಬೇಕಿರುವುದು ಬಿಸಿಲಿನಿಂದ ಬಿಡುಗಡೆ. ಆದರೆ ನಾವು ಎರವಲು ತಂದದ್ದು ಟೊರಾಂಟೊದ ಕಾರ್ಪೆಟ್ಟನ್ನು. ಕಮಲಾಪುರದ ಬೆಳಕಿಂಡಿಯನ್ನು ಮಾತ್ರ ಮರೆತೆವು.

ಸೇಡಂ ರಸ್ತೆಯ ಕಡೆ, ರಿಂಗ್ ರೋಡಿನ ಆಚೆ ಏಳುತ್ತಿರುವ ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋದರೆ ಈಗ ದೇವರ ಮನೆಗಿಂತ ಮೊದಲು ಬೇಸ್‌ಮೆಂಟ್ ತೋರಿಸುತ್ತಾರೆ. ಹೋಮ್ ಥಿಯೇಟರು, ಜಿಮ್ಮು, ಗೋಡೆಗೆ ಮರದ ಹಲಗೆ, ಮೇಲೆ ಪಿಒಪಿ, ಅದರೊಳಗೆ ನೀಲಿ ದೀಪ. ಅಂಥ ಒಂದು ಮನೆಯಲ್ಲಿ ಹೋಳಿಗೆ ಉಂಡು, ಅದೇ ಮನೆಗೆ ಮಳೆಗಾಲ ಮುಗಿದ ಮೇಲೆ ಹೋಗಿದ್ದೆ. ಮರದ ಹಲಗೆ ಉಬ್ಬಿ ಬಾಯಿಬಿಟ್ಟಿತ್ತು, ಸೋಫಾದಿಂದ ನೆನೆದ ನಾಯಿಯ ವಾಸನೆ ಬರುತ್ತಿತ್ತು. ಮನೆಯ ಯಜಮಾನರು ಟೈಲ್ಸ್ ಅಂಗಡಿಯವನನ್ನು ಬೈಯುತ್ತಿದ್ದರು. ಪಾಪ, ಅವನದೇನು ತಪ್ಪು?

ತಪ್ಪು ಮಣ್ಣಿನದು, ಅಥವಾ ಮಣ್ಣನ್ನು ಕೇಳದೆ ಕಟ್ಟಿದವರದು. ಕಮಲಾಪುರದ ಕೆಂಪು ಮಣ್ಣು ಮಳೆ ಬಿದ್ದರೆ ನೀರನ್ನು ಕೆಳಗೆ ಬಿಟ್ಟುಕೊಟ್ಟು ತಾನು ಇದ್ದಲ್ಲೇ ಇರುತ್ತದೆ. ಕಲಬುರಗಿಯ ಬಹುಭಾಗ ಕೂತಿರುವುದು ಎರೆಯ ಮೇಲೆ. ಎರೆ ಮಣ್ಣಿನ ಜೇಡಿಗೆ ನೀರು ಸಿಕ್ಕರೆ ಉಬ್ಬುವ, ಒಣಗಿದರೆ ಕುಗ್ಗುವ ಚಾಳಿ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಇಡೀ ಕೈ ಇಳಿಸಬಹುದು, ಆಗಸ್ಟ್‌ನಲ್ಲಿ ಅದೇ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ವಾಪಸ್ ಬರುವುದಿಲ್ಲ. ‘ಸಾಹೇಬ್ರ, ಈ ಮಣ್ಣ ವರ್ಷಕ್ಕೊಮ್ಮೆ ಗ್ವಾಡಿ ನೂಕತದ, ವರ್ಷಕ್ಕೊಮ್ಮೆ ಬಿಡತದ. ಒಂಬತ್ತಿಂಚ್ ಇಟ್ಟಂಗಿ ಎಷ್ಟಂತ ತಡೀತದ್ರೀ?’ ಎಂದು ಒಬ್ಬ ಹಳೆಯ ಗೌಂಡಿ ನನಗೆ ಹೇಳಿದ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮೇಲಿನ ಭಾರ ಹೊರಲು ಸಾಕು, ಪಕ್ಕದ ನೂಕನ್ನು ತಡೆಯಲು ಸಾಲದು. ಅದಕ್ಕೆ ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಯೇ ಬೇಕು. ಗೋಡೆಯ ಹೊರಬದಿಗೆ ಅಗೆದ ಎರೆಯನ್ನೇ ಮರಳಿ ತುಂಬದೆ ಮುರುಮು, ಕಡಿ ತುಂಬಬೇಕು; ಅದರ ಬುಡದಲ್ಲಿ ನೀರು ಹರಿದುಹೋಗಲು ತೂತಿನ ಪೈಪು ಹಾಕಬೇಕು. ಗೌಂಡಿಗೆ ಇದೆಲ್ಲ ಗೊತ್ತಿದೆ. ಆದರೆ ಮಣ್ಣಿನೊಳಗೆ ಹೂತುಹೋಗುವ ಕೆಲಸಕ್ಕೆ ದುಡ್ಡು ಬಿಚ್ಚುವ ಯಜಮಾನ ಸಿಗುವುದಿಲ್ಲ. ಗೃಹಪ್ರವೇಶಕ್ಕೆ ಬಂದವರು ಪೈಪು ನೋಡಿ ಹೊಗಳುವುದಿಲ್ಲವಲ್ಲ.

ಇಲ್ಲೊಂದು ತಮಾಷೆಯಿದೆ. ಮುಂಬೈ, ಪುಣೆಯ ದೊಡ್ಡ ಕಟ್ಟಡಗಳ ತಳಕ್ಕೆ ನೀರು ನುಗ್ಗದಂತೆ ಮಾಡುವ ಹಳೆಯ, ನಂಬಿಕಸ್ಥ ಪದ್ಧತಿಗೆ ಬಾಕ್ಸ್ ಟೈಪ್ ವಾಟರ್‌ಪ್ರೂಫಿಂಗ್ ಎನ್ನುತ್ತಾರೆ. ಗುಂಡಿಯ ತಳದಲ್ಲಿ ಕಾಂಕ್ರೀಟ್ ಹಾಸಿ, ಅದರ ಮೇಲೆ ಒರಟು ಪರಸಿ ಕಲ್ಲು ಜೋಡಿಸಿ, ಸಂದುಗಳಿಗೆ ಗಾರೆ ತುಂಬಿ, ಆಮೇಲೆ ಕಟ್ಟಡದ ತಳಹಾಸು ಹಾಕುತ್ತಾರೆ. ಗೋಡೆ ಎದ್ದ ಮೇಲೆ ಅದರ ಹೊರಮೈಗೂ ಪರಸಿ ನಿಲ್ಲಿಸಿ, ನಡುವಿನ ಸಂದಿಗೆ ಸಿಮೆಂಟ್ ಹಾಲು ಹೊಯ್ಯುತ್ತಾರೆ. ಇಡೀ ನೆಲಮನೆ ಕಲ್ಲಿನ ಪೆಟ್ಟಿಗೆಯೊಳಗೆ ಕೂತಂತಾಗುತ್ತದೆ. ಆ ಪರಸಿ ಯಾವುದು ಗೊತ್ತೇ? ಕಾಂಟ್ರಾಕ್ಟರುಗಳ ಟೆಂಡರಿನಲ್ಲೇ ಹೆಸರು ಹಿಡಿದು ಬರೆಯುತ್ತಾರೆ: ರಫ್ ಶಹಾಬಾದ್. ನಮ್ಮದೇ ಜಿಲ್ಲೆಯ ಕಲ್ಲು, ಕಲಬುರಗಿಯಿಂದ ರೈಲಿನಲ್ಲಿ ಅರ್ಧ ತಾಸಿನ ದಾರಿ. ಪದರು ಪದರಾಗಿ ಏಳುವ ಆ ಸುಣ್ಣಕಲ್ಲು ಅರಬ್ಬೀ ಸಮುದ್ರದ ಪಕ್ಕದ ಗುಂಡಿಗಳನ್ನು ಕಾಯುತ್ತಿದೆ. ಶಹಾಬಾದಿನ ಪಕ್ಕದ ನಾವು ಮಾತ್ರ ಗೋಡೆ ಎದ್ದು, ಮಣ್ಣು ಮುಚ್ಚಿ, ನೀರು ಒಸರಲು ಶುರುವಾದ ಮೇಲೆ ಒಳಗಿನಿಂದ ಡಬ್ಬಿಯ ಬಣ್ಣ ಬಳಿದು ಕೈಮುಗಿಯುತ್ತೇವೆ. ನೀರು ಹೊರಗಿನಿಂದ ನೂಕುತ್ತದೆ, ಬಣ್ಣ ಒಳಗೆ ಅಂಟಿರುತ್ತದೆ. ಎರಡರ ಕುಸ್ತಿಯಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಲು ಇಂಜಿನಿಯರೇ ಬೇಕಿಲ್ಲ.

ಹೊಸಬರದು ಇಷ್ಟಾದರೆ, ಬ್ರಹ್ಮಪುರ, ಶಹಾಬಜಾರಿನ ಹಳೆಯ ಮನೆಗಳವರದು ಇನ್ನೊಂದು ಕತೆ. ಅವರ ನೆಲಮನೆ ಕೆಟ್ಟಿರಲೇ ಇಲ್ಲ. ಮಗನಿಗೆ ಆಫೀಸು ಬೇಕೆಂದೋ ಬಾಡಿಗೆಗೆ ಕೊಡೋಣವೆಂದೋ ಅದನ್ನು ಚಂದ ಮಾಡಲು ಹೋಗಿ ಕೆಡಿಸಿದರು. ಮಣ್ಣು, ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದ ಗಾಳಿಗೆ ಬಿಟ್ಟು ಬದುಕಿರುತ್ತದೆ. ಅದಕ್ಕೆ ಸಿಮೆಂಟ್ ಗಿಲಾವು ಹೊಡೆದು, ಮೇಲೆ ಟೈಲ್ಸ್ ಅಂಟಿಸಿದರೆ ತೇವಕ್ಕೆ ಹೊರದಾರಿ ಇಲ್ಲ. ಅದು ಗೋಡೆಯೊಳಗೇ ಮೇಲೇರುತ್ತದೆ. ಮೊದಲು ಮೊಣಕಾಲೆತ್ತರದಲ್ಲಿದ್ದ ಹಸಿ ಎರಡು ಮಳೆಗಾಲದಲ್ಲಿ ಪಡಸಾಲೆಯ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಉಪ್ಪು ಬಿಳಿಯಾಗಿ ಹೂಬಿಟ್ಟು ಗಿಲಾವು ಹೊಪ್ಪಳೆ ಏಳುತ್ತದೆ. ಇದರ ಮೇಲೆ ಎಸಿ ಹಾಕಿಸಬೇಕೆಂದು ಬೆಳಕಿಂಡಿಗಳನ್ನು ಇಟ್ಟಿಗೆಯಿಟ್ಟು ಮುಚ್ಚಿದವರನ್ನೂ ಕಂಡಿದ್ದೇನೆ. ತಂಪು ಇದ್ದ ಕೋಣೆಗೆ ತಂಪು ತರಲು ಗಾಳಿ ಮುಚ್ಚಿದ ಜಾಣರು!

ಸರ್ಕಾರದ ಕಡತಗಳಲ್ಲಿ ಇದಕ್ಕೆಲ್ಲ ಮಾತಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮನೆಯ ಎತ್ತರ 2.4 ಮೀಟರಿಗೆ ಕಡಿಮೆ ಇರಬಾರದು, ಅದರ ಛಾವಣಿ ಸುತ್ತಲಿನ ನೆಲಕ್ಕಿಂತ 0.9ರಿಂದ 1.2 ಮೀಟರ್ ಮೇಲಿರಬೇಕು. ಅಂದರೆ ಕಿಟಕಿಗೆ ಜಾಗ ಬಿಡಿ ಎಂದರ್ಥ. ಮಾವನ ವಾಡೆಯ ಗೌಂಡಿ ಈ ಸಂಹಿತೆ ಓದಿರಲಿಲ್ಲ, ಪಾಲಿಸಿದ್ದ. ನಾವು ಓದಬಲ್ಲೆವು. ವಾಹನಕ್ಕೆ, ಸಾಮಾನಿಗೆ ಎಂದು ನಕಾಶೆಯಲ್ಲಿ ಬರೆದು ಮಂಜೂರು ಮಾಡಿಸಿಕೊಂಡು, ಆಮೇಲೆ ಅಲ್ಲೇ ಮಕ್ಕಳನ್ನು ಓದಲು ಕೂರಿಸುತ್ತೇವೆ. 2024ರ ಜುಲೈ 27ರ ಸಂಜೆ ದೆಹಲಿಯ ಹಳೆ ರಾಜೇಂದ್ರ ನಗರದಲ್ಲಿ ಅಂಥದೇ ಒಂದು ಬೇಸ್‌ಮೆಂಟಿನ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಮೂವರು ತೀರಿಕೊಂಡರು. ದೆಹಲಿ ದೂರ ಎನ್ನುವವರು 2020ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆಯನ್ನೂ ಭೀಮೆ ಉಕ್ಕಿದ್ದನ್ನೂ ನೆನೆಸಿಕೊಳ್ಳಲಿ.

ಕೆಳಗೆ ಅಟ್ಯಾಚ್ಡ್ ಬಾತ್‌ರೂಮ್ ಮಾಡಿಸುವವರ ಧೈರ್ಯವಂತೂ ನನಗೆ ಬೆರಗು. ಬೀದಿಯ ಗಟಾರು ಮೇಲೆ, ಕಮೋಡು ಕೆಳಗೆ. ಜೋರು ಮಳೆ ಬಂದ ರಾತ್ರಿ ಯಾರು ಯಾರ ಮನೆಗೆ ಬರುತ್ತಾರೆ ಎಂಬುದನ್ನು ಬಿಡಿಸಿ ಹೇಳುವುದು ಸಭ್ಯತೆಯಲ್ಲ. ಇನ್ನೂ ಅಪಾಯದ ಕೆಲಸವೆಂದರೆ ಕರೆಂಟು ಹೋದಾಗ ಸದ್ದು ಕೇಳದಿರಲಿ ಎಂದು ಜನರೇಟರನ್ನು ಕೆಳಗಿಡುವುದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹಗೇವಿನ ಗಾಳಿಯಂತೆ ದೀಪ ಆರಿಸಿ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನೆಲಮನೆ ಬೇಡವೆಂದಲ್ಲ. ನಮ್ಮ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಕೋಣೆ ಇನ್ನೊಂದಿಲ್ಲ. ಹಳೆಯದಿದ್ದರೆ ಸುಣ್ಣ ಬಳಿಯಿರಿ, ಮುಚ್ಚಿದ ಬೆಳಕಿಂಡಿ ತೆರೆಯಿರಿ, ಗೋಡೆಗಂಟಿದ ಸಿಮೆಂಟನ್ನು ಕೆತ್ತಿ ತೆಗೆಸಿರಿ. ಹೊಸದು ಕಟ್ಟುತ್ತಿದ್ದರೆ ಅರ್ಧ ದುಡ್ಡು ಗೋಡೆಯ ಹೊರಗೆ ಹಾಕಿ, ಒಳಗೆ ಬರಿ ಕಾಂಕ್ರೀಟು, ಪರಸಿ ಬಿಟ್ಟು ಒಂದು ಪೂರ್ತಿ ಮಳೆಗಾಲ ಕಾಯಿರಿ. ದಸರೆಗೆ ಇಳಿದು ಗೋಡೆ ಮುಟ್ಟಿ ನೋಡಿರಿ. ಕೈ ಒದ್ದೆಯಾಗದಿದ್ದರೆ ಟೈಲ್ಸಿನವನಿಗೆ ಫೋನು ಮಾಡಿರಿ.