ಪರದೆಯ ಪಾಠ

2020ರ ಮಾರ್ಚ್ ತಿಂಗಳಿನಲ್ಲಿ ಕಾಲೇಜುಗಳ ಬಾಗಿಲು ಮುಚ್ಚುವವರೆಗೆ ಆನ್‌ಲೈನ್ ಶಿಕ್ಷಣವೆಂದರೆ ರೆಗ್ಯುಲರ್ ಸೀಟು ದೊರೆಯದವರ ಪಾಲಿನದೆಂದು ಬಗೆಯುತ್ತಿದ್ದ ವಿದ್ಯಾರ್ಥಿಗಳು ನಮ್ಮಲ್ಲಿ ಹಲವರಿದ್ದರು. ಅನಂತರ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸುತ್ತ ಗುಡ್ಡವೇರಿ, ಟಾರ್ಪಾಲಿನಡಿ ಕುಳಿತು, ಆಷಾಢದ ಮಳೆಯ ಸದ್ದಿನ ನಡುವೆ ತಡೆತಡೆದು ಕೇಳಿಬರುತ್ತಿದ್ದ ಅಧ್ಯಾಪಕರ ಧ್ವನಿಗೆ ಕಿವಿಗೊಟ್ಟು ಟಿಪ್ಪಣಿ ಬರೆದುಕೊಂಡುದನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ; ಇದ್ದೊಂದು ಮೊಬೈಲನ್ನು ಅಕ್ಕತಮ್ಮಂದಿರು ಸರದಿಯಂತೆ ಹಂಚಿಕೊಂಡ ಮನೆಗಳೆಷ್ಟೋ!

ಇಷ್ಟು ಕ್ಲೇಶವನ್ನುಂಡವರು ಆ ಪದ್ಧತಿಯನ್ನೇ ಸಮೂಲವಾಗಿ ತ್ಯಜಿಸಿದ್ದರೂ ಆಶ್ಚರ್ಯವಿರಲಿಲ್ಲ. ಆದರೆ ಅವರಲ್ಲನೇಕರು ವಿವೇಚಿಸಿದರು: ತಿಳಿಯದ ಲೆಕ್ಕವನ್ನು ಧ್ವನಿಮುದ್ರಿತ ಪಾಠದಲ್ಲಿ ಹಿಂದಕ್ಕೆ ಸರಿಸಿ ನಾಲ್ಕಾರು ಬಾರಿ ಕೇಳಬಹುದಾದ ಅನುಕೂಲವನ್ನು ಕೃತಜ್ಞತೆಯಿಂದ ಉಳಿಸಿಕೊಂಡರು, ಬ್ಯೂರೆಟ್ಟಿನಿಂದ ಬಿದ್ದ ಒಂದೇ ಹನಿಗೆ ದ್ರಾವಣದ ವರ್ಣವು ಕಣ್ಣೆದುರೇ ತಿರುಗುವಾಗ ಕೈಗೆ ಬರುವ ವಿದ್ಯೆಯನ್ನು ಪರದೆಯು ಕೊಡಲಾರದೆಂಬುದನ್ನೂ ಅನುಭವದಿಂದ ಅರಿತರು.

2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟಿದ್ದ ಮಿತಿಯನ್ನು ಏರಿಸಿ, ಶೇ. 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ‘ಸ್ವಯಂ’ ಮೂಲಕ ಕಲಿಯಲು ಅವಕಾಶವಿತ್ತಿತು. ಈ ಅವಕಾಶವು ವಿದ್ಯಾರ್ಥಿಯ ಆಯ್ಕೆಯಾಗಿರಬೇಕೇ ಹೊರತು, ಖಾಲಿಬಿದ್ದ ಅಧ್ಯಾಪಕರ ಹುದ್ದೆಗಳನ್ನು ತುಂಬದಿರುವುದಕ್ಕೆ ಆಡಳಿತ ಮಂಡಳಿಗಳಿಗೊಂದು ನೆಪವಾಗಕೂಡದು.