ಅಜ್ಜನ ಹಾಟ್ ರಾಡ್, ಮೊಮ್ಮಗನ ಬ್ರೇಕ್

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನನ್ನನ್ನು ಎಬ್ಬಿಸೋ ಧೈರ್ಯ ಇರೋದು ನಮ್ಮಮ್ಮನಿಗೆ ಮಾತ್ರ. ಅವಳಿರೋದು ಹಾಸನದಲ್ಲಿ, ನಾನಿರೋದು ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಪೊಮೋನಾದಲ್ಲಿ. ಹಾಗಾಗಿ ಕಳೆದ ವರ್ಷ ಮೇ ತಿಂಗಳಲ್ಲಿ ಬಾಗಿಲು ಬಡಿದವರು ಪಕ್ಕದ ಮನೆಯ ಯಜಮಾನರು. ವಯಸ್ಸು 78. ಹೆಸರು ಹಿಡಿದು ಕರಿ ಅಂತಾರೆ, ನನ್ನ ಬಾಯಿಗೆ ಬರಲ್ಲ. ಎದುರಿಗೆ ‘ಸರ್’ ಅಂತೀನಿ, ಮನಸ್ಸಲ್ಲಿ ಅಜ್ಜ. ಹಿಂದೆ ಪಿಕಪ್ ಗಾಡಿಯಲ್ಲಿ ಅವರ ಮೊಮ್ಮಗ ಮುಖ ಊದಿಸಿಕೊಂಡು ಕೂತಿದ್ದ.

ಇಬ್ಬರ ಮಧ್ಯೆ ಮೂರು ವಾರದಿಂದ ಸರಿಯಾಗಿ ಮಾತಿರಲಿಲ್ಲ. ಕಾರಣ, ಗ್ಯಾರೇಜಿನಲ್ಲಿ ನಿಂತಿರೋ 1932ರ ಫೋರ್ಡ್ ರೋಡ್‌ಸ್ಟರ್. ಅಜ್ಜನ ಅಪ್ಪ ಎರಡನೇ ಮಹಾಯುದ್ಧ ಮುಗಿಸಿ ಬಂದ ಮೇಲೆ ಕೈಯಾರೆ ಕಟ್ಟಿದ ಗಾಡಿ ಅದು. ದಶಕಗಟ್ಟಲೆ ಶೆಡ್‌ನಲ್ಲಿ ಮಲಗಿತ್ತು. ಅಜ್ಜ ರಿಟೈರ್ ಆದ ಮೇಲೆ ಒಂದೊಂದೇ ಭಾಗ ಬಿಚ್ಚಿ ಜೋಡಿಸ್ತಾ ಬಂದಿದ್ದಾರೆ. ಈಗ ಕಣ್ಣು ಮಂಜು, ಓಡಿಸೋಕಾಗಲ್ಲ, ಗಾಡಿ ಮೊಮ್ಮಗನಿಗೆ. ಅವನದು ಒಂದೇ ಷರತ್ತು: ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಬೇಕು. ‘ಈ ಬ್ರೇಕ್ ನಂಬಿಕೊಂಡು ಫ್ರೀವೇಗೆ ಇಳಿಯಲ್ಲ’ ಅಂತ ಅವನು. ‘ಡಿಸ್ಕ್ ಹಾಕಿದ್ರೆ ಅದು ಟ್ರೆಡಿಷನಲ್ ಆಗಿ ಉಳಿಯಲ್ಲ’ ಅಂತ ಇವರು. ‘ನೀನು ಇಂಜಿನಿಯರ್ ಅಲ್ವಾ, ನೀನೇ ಹೇಳು’ ಅಂತ ಇಬ್ಬರೂ ನನ್ನನ್ನ ಕೇಳಿದ್ರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಸ್ವಾಮಿ! ಬ್ರೇಕ್ ಬಗ್ಗೆ ನಂಗೆ ಗೊತ್ತಿರೋದು ಒತ್ತಿದ್ರೆ ಗಾಡಿ ನಿಲ್ಲುತ್ತೆ ಅನ್ನೋದಷ್ಟೇ.

ಹಾಟ್ ರಾಡ್ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಹಳೇ ಕಾರಿನಲ್ಲಿ ಬೇಡದ್ದನ್ನೆಲ್ಲ ಕಿತ್ತು ಭಾರ ಇಳಿಸಿ, ಇಂಜಿನ್‌ಗೆ ಕಸುವು ತುಂಬಿ, ವೇಗಕ್ಕಾಗಿಯೇ ಮರುಕಟ್ಟಿದ ಗಾಡಿ. ಇದರಲ್ಲಿ ಪಂಗಡಗಳಿವೆ. ಮೈ ಮಾತ್ರ ಹಳೇದು, ಒಳಗೆ ಎಸಿ, ಪವರ್ ಸ್ಟೇರಿಂಗ್, ಹೊಸ ಇಂಜಿನ್ ಇದ್ರೆ ಸ್ಟ್ರೀಟ್ ರಾಡ್. ಬೇಕಂತಲೇ ತುಕ್ಕು ಉಳಿಸಿಕೊಂಡು ಓಡಾಡೋದು ರ್‍ಯಾಟ್ ರಾಡ್. ಟ್ರೆಡಿಷನಲ್ ಅಂದ್ರೆ, 1940ರ ಅಥವಾ 50ರ ದಶಕದ ಹುಡುಗನೊಬ್ಬ ಆಗ ಸಿಗ್ತಿದ್ದ ಸಾಮಾನಿನಲ್ಲೇ ಕಟ್ಟಿದ್ದಾನೆ ಅನ್ನಿಸಬೇಕು. ಸಾಮಾನ್ಯವಾಗಿ 60ರ ದಶಕದ ನಡುಭಾಗಕ್ಕೆ ಗೆರೆ ಎಳೀತಾರೆ. ಕಂಪನಿ ಮಾಡಿದ ಹಾಗೇ ಉಳಿಸಿಕೊಂಡ್ರೆ ಅದು ಹಾಟ್ ರಾಡೇ ಅಲ್ಲ, ಬರೀ ವಿಂಟೇಜ್ ಕಾರು.

ಕಹೋನ್ ಪಾಸ್ ಅನ್ನೋ ಘಾಟಿ ಹತ್ತಿ ಇಳಿದರೆ ಮೊಹಾವಿ ಮರುಭೂಮಿ. ಒಂದೂವರೆ ಗಂಟೆಯಲ್ಲಿ ಎಲ್ ಮಿರಾಜ್ ತಲುಪಿದ್ವಿ. ಹೆಸರಿಗೆ ಕೆರೆ, ಹನಿ ನೀರಿಲ್ಲ. ಮಳೆಗಾಲದಲ್ಲಿ ತೆಳ್ಳಗೆ ನೀರು ನಿಲ್ಲುತ್ತೆ, ಗಾಳಿ ಅದನ್ನ ಅತ್ತಿತ್ತ ತಳ್ಳುತ್ತೆ, ನುಣ್ಣನೆ ಜೇಡಿ ಸಮನಾಗಿ ಕೂತು ಬಿಸಿಲಿಗೆ ಒಣಗುತ್ತೆ. ಸಗಣಿ ಸಾರಿಸಿದ ಅಂಗಳ ಕಿಲೋಮೀಟರುಗಟ್ಟಲೆ ಹರಡಿಕೊಂಡ ಹಾಗೆ. ರೋಡ್ ರೋಲರ್ ಇಲ್ಲದೆ ಪ್ರಕೃತಿಯೇ ಮಾಡಿಟ್ಟ ರೇಸ್ ಟ್ರ್ಯಾಕ್.

ಈ ಹುಚ್ಚು ಶುರುವಾಗಿದ್ದೇ ಇಂಥ ಒಣಕೆರೆಗಳಲ್ಲಿ. ಮೂವತ್ತರ ದಶಕದ ಆರ್ಥಿಕ ಕುಸಿತದ ಕಾಲ, ಹುಡುಗರ ಜೇಬು ಖಾಲಿ. ಆದರೆ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಗಾಡಿಗಳು ಗುಜರಿಯಲ್ಲಿ ಧಾರಾಳವಾಗಿ ಸಿಗ್ತಿದ್ವು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕಾರಿಗೂ ವಿ8 ಇಂಜಿನ್ ಕೊಟ್ಟಿತು. 221 ಕ್ಯೂಬಿಕ್ ಇಂಚು, 65 ಹಾರ್ಸ್ ಪವರ್. ಹುಡುಗರು ಮಡ್‌ಗಾರ್ಡ್ ಕಿತ್ತರು, ಗಾಜು ಕಿತ್ತರು, ಎರಡು ಕಾರ್ಬುರೇಟರ್ ಕೂರಿಸಿದರು, ಮ್ಯೂರಾಕ್ ಅನ್ನೋ ಒಣಕೆರೆಗೆ ಓಡಿಸಿಕೊಂಡು ಹೋದರು. ಗಡಿಬಿಡಿ, ಅಪಘಾತ ಜಾಸ್ತಿಯಾದಾಗ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಆಮೇಲೆ ಮ್ಯೂರಾಕ್ ಸೇನೆಯ ಪಾಲಾಯ್ತು. ಈಗ ಅದು ಎಡ್ವರ್ಡ್ಸ್ ವಾಯುನೆಲೆ; 1947ರಲ್ಲಿ ಶಬ್ದದ ವೇಗ ಮೀರಿದ ಮೊದಲ ವಿಮಾನ ಹಾರಿದ್ದು ಅಲ್ಲಿಂದಲೇ. ಹುಡುಗರಿಗೆ ಉಳಿದಿದ್ದು ಎಲ್ ಮಿರಾಜ್. ಆ ಅಸೋಸಿಯೇಷನ್ ಇವತ್ತಿಗೂ ಇಲ್ಲೇ ರೇಸ್ ನಡೆಸುತ್ತೆ.

ನೋಡೋಕೆ ಸಿಂಪಲ್. ಗಾಡಿ ಒಂದೊಂದಾಗಿ ಹೊರಡುತ್ತೆ, ಪಕ್ಕದಲ್ಲಿ ಎದುರಾಳಿ ಇಲ್ಲ. ಸುಮಾರು 2 ಕಿಲೋಮೀಟರ್ ಓಟ, ಕೊನೆಯಲ್ಲಿ ವೇಗ ಅಳೀತಾರೆ. ಮೊದಲು ಕಾಣೋದು ಧೂಳಿನ ಬಾಲ, ಎಷ್ಟೋ ಹೊತ್ತಾದ ಮೇಲೆ ಸದ್ದು. ಸಾಲಿನಲ್ಲಿ ಕಣ್ಣೀರ ಹನಿ ಆಕಾರದ ಒಂದು ವಿಚಿತ್ರ ಗಾಡಿ ನಿಂತಿತ್ತು. ಯುದ್ಧವಿಮಾನದ ರೆಕ್ಕೆಯ ಕೆಳಗೆ ತಗಲಿಸ್ತಿದ್ದ ಇಂಧನದ ಟ್ಯಾಂಕ್ ಅದು! 1946ರಲ್ಲಿ ಬಿಲ್ ಬರ್ಕ್ ಅನ್ನೋರು ಯುದ್ಧ ಮುಗಿದು ಬೇಡವಾಗಿದ್ದ ಅಂಥದ್ದೊಂದು ಟ್ಯಾಂಕ್ ತಂದು, ಚಕ್ರ ಜೋಡಿಸಿ, ಒಳಗೆ ಕೂತು ಓಡಿಸಿದ್ರಂತೆ.

ಅದನ್ನ ನೋಡ್ತಾ ನನ್ನ ತಲೆಯಲ್ಲಿ ಒಂದು ಹುಳ ಕೊರೆಯೋಕೆ ಶುರುವಾಯ್ತು. ಅಜ್ಜನ್ನ ಕೇಳಿಯೇ ಬಿಟ್ಟೆ.

‘ಸರ್, ಆ ಹುಡುಗರು ಹಳೇದನ್ನ ಉಳಿಸೋಕೆ ಬಂದವರಲ್ಲ. ವಿಮಾನದ ಟ್ಯಾಂಕ್ ಸಿಕ್ಕಿದ್ರೆ ಅದನ್ನೂ ಬಿಡಲಿಲ್ಲ. ಅವರಿಗೆ ಡಿಸ್ಕ್ ಬ್ರೇಕ್ ಸಿಕ್ಕಿದ್ರೆ ಅವತ್ತೇ ಹಾಕ್ತಿದ್ರು. ಅವರು ಯಾವತ್ತೂ ಪಾಲಿಸದ ನಿಯಮಾನ ಅವರ ಹೆಸರಲ್ಲಿ ನೀವು ಪಾಲಿಸ್ತಿದ್ದೀರಲ್ಲ?’

ಸಿಟ್ಟಾಗ್ತಾರೆ ಅಂದ್ಕೊಂಡಿದ್ದೆ. ಅವರು ಥರ್ಮಾಸಿಂದ ಕಾಫಿ ಬಗ್ಗಿಸಿಕೊಂಡರು.

‘ನಿಜ. ಆದ್ರೆ ಅಂಗಡಿಯಲ್ಲಿ ಎಲ್ಲಾ ಸಿಗೋ ಕಾಲದಲ್ಲಿ ಎಲ್ಲಾ ತಂದು ಹಾಕಿದ್ರೆ ಎಲ್ಲರ ಗಾಡಿಯೂ ಒಂದೇ ಆಗುತ್ತೆ ಕಣಪ್ಪ. ಇಷ್ಟೇ ಸಾಮಾನು ಅಂತ ಗೆರೆ ಹಾಕಿಕೊಂಡಾಗ ತಲೆ ಓಡಿಸಲೇಬೇಕು. ನಾನು ಉಳಿಸ್ಕೊಳ್ಳೋಕೆ ನೋಡ್ತಿರೋದು ತಗಡನ್ನಲ್ಲ, ಆ ತಲೆ ಓಡಿಸೋದನ್ನ.’

ನಂಗೆ ಅಮ್ಮ ನೆನಪಾದಳು. ಅವಳು ಬೇಳೆ ಬೇಯಿಸೋದು ಕುಕ್ಕರಲ್ಲಿ, ರುಬ್ಬೋದು ಮಿಕ್ಸಿಯಲ್ಲಿ. ಸಾರಿನ ಪುಡಿ ಮಾತ್ರ ಮನೆಯಲ್ಲೇ ಹುರಿದು ಮಾಡಬೇಕು, ಪ್ಯಾಕೆಟ್ ತಂದ್ರೆ ಮನೆಯಲ್ಲಿ ಮಹಾಭಾರತ. ಏನನ್ನ ಬಿಡಬಹುದು, ಏನನ್ನ ಬಿಡಬಾರದು ಅಂತ ಅವಳಿಗೆ ಯಾರೂ ಬರೆದುಕೊಟ್ಟಿಲ್ಲ. ನಮ್ಮ ಆಫೀಸಲ್ಲಿ ‘ಲೆಗಸಿ ಕೋಡ್’ ಅನ್ನೋದು ಬೈಗುಳ. ಯಾಕೆ ಹಾಗೆ ಬರೆದಿದ್ದಾರೆ ಅಂತ ಕೇಳೋ ಮೊದಲೇ ಡಿಲೀಟ್ ಮಾಡೋಕೆ ಕೈ ತುರಿಸುತ್ತೆ.

ಅಷ್ಟು ಹೊತ್ತು ಸುಮ್ಮನಿದ್ದ ಮೊಮ್ಮಗ ಬಾಯಿಬಿಟ್ಟ. ‘ಅಜ್ಜ, 32ರ ಫೋರ್ಡ್‌ಗೆ ಕಂಪನಿಯವರು ಕೊಟ್ಟಿದ್ದು ಎಂಥಾ ಬ್ರೇಕ್?’

‘ಕಬ್ಬಿಣದ ಸರಳು ಎಳೆಯೋ ಮೆಕ್ಯಾನಿಕಲ್ ಬ್ರೇಕ್. ದರಿದ್ರ ಬ್ರೇಕ್ ಅದು. ನಮ್ಮಪ್ಪ ಅದನ್ನ ಕಿತ್ತು 39ರ ಫೋರ್ಡಿನ ಹೈಡ್ರಾಲಿಕ್...’

ಅಲ್ಲಿಗೆ ಅಜ್ಜ ನಿಲ್ಲಿಸಿದರು. ಮೂವರೂ ಕೆರೆ ಕಡೆ ನೋಡ್ತಾ ಕೂತ್ವಿ. ಇನ್ನೊಂದು ಗಾಡಿ ಧೂಳೆಬ್ಬಿಸಿಕೊಂಡು ಹೋಯ್ತು.

ವಾಪಸ್ ಬರುವಾಗ ಘಾಟಿ ಇಳಿಯೋವರೆಗೂ ಅಜ್ಜ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: ನಲವತ್ತರ ದಶಕದ ಲಿಂಕನ್ ಕಾರಿನ ಡ್ರಮ್ ಬ್ರೇಕ್ ಇದೆ. ಚಕ್ರ ತಿರುಗೋ ಬಲದಿಂದಲೇ ಅದರ ಶೂ ಡ್ರಮ್ಮನ್ನ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತೆ. ಹಳೇ ಫೋರ್ಡ್‌ಗೆ ದೊಡ್ಡ ರಿಪೇರಿ ಇಲ್ಲದೆ ಕೂರುತ್ತೆ, ಆ ಕಾಲದ ಹುಡುಗರೂ ಅದಕ್ಕೆ ಆಸೆಪಡ್ತಿದ್ರು. ಇದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಅಪ್ಪ ಕೈಯಾರೆ ಕೂರಿಸಿದ್ದನ್ನ ಬಿಚ್ಚೋಕೆ ಮನಸ್ಸು ಬಂದಿರಲಿಲ್ಲ, ಅಷ್ಟೇ.

‘ಲಿಂಕನ್ ಬ್ರೇಕ್ ಹಾಕೋಣ. ಆಗುತ್ತಾ?’

‘ಸೀಟ್ ಬೆಲ್ಟ್?’ ಅಂದ ಮೊಮ್ಮಗ.

‘ಹಾಕ್ಕೋ. ವಿಮಾನದಲ್ಲಿ ಇರ್ತಿತ್ತಲ್ಲ, ಅಂಥದ್ದು ಹುಡುಕ್ತೀನಿ.’

ಹೋದ ತಿಂಗಳು ಬ್ರೇಕ್ ಕೆಲಸ ಮುಗೀತು. ಬಿಚ್ಚಿದ ಹಳೇ ಬ್ರೇಕನ್ನ ಅಜ್ಜ ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಕೊನೆಗೆ ಉಳಿದಿದ್ದು ಎರಡು ಕಾರ್ಬುರೇಟರ್ ಸಮ ಮಾಡೋ ಕೆಲಸ. ಅದಕ್ಕೆ ರಬ್ಬರ್ ಪೈಪಿನ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿ ಎಳೆಯೋ ಸದ್ದು ಎರಡರಲ್ಲೂ ಒಂದೇ ಆಗೋವರೆಗೂ ಸ್ಕ್ರೂ ತಿರುಗಿಸ್ತಾ ಇರಬೇಕು. ಅಜ್ಜನ ಕಿವಿಯೂ ಈಗ ಮಂದ. ಪೈಪನ್ನ ಮೊಮ್ಮಗನ ಕಿವಿಗೆ ಹಿಡಿದರು.

‘ಎಡಗಡೆದು ಸ್ವಲ್ಪ ಜೋರು’ ಅಂದ ಅವನು.

ಅಜ್ಜ ಸ್ಕ್ರೂಡ್ರೈವರನ್ನ ಅವನ ಕೈಗೆ ಕೊಟ್ಟರು. ನಾನು ಟಾರ್ಚ್ ಹಿಡಿದು ನಿಂತಿದ್ದೆ.